ಅಟ್ಯಾಕ್ ಸೊನ್ನೆಯಲ್ಲಿತ್ತು

ಜನವರಿ 19, ರವಿವಾರ

ಈರೇಶನ ಬಲ ಹೆಗಲಿನ ಎಲುಬು ಒಡೆದಿದೆ, ತೋಳಿಗೆ ಹೋಗುವ ನರ ಕಡಿದಿದೆ, ಜೀವ ಇದೆ. ಹೀಗೆಂದು ಹುಬ್ಬಳ್ಳಿಯ ಆಸ್ಪತ್ರೆಯ ಡಾಕ್ಟರು ಇವತ್ತು ಬೆಳಿಗ್ಗೆ ತಿಳಿಸಿದರು. ಕೈ ಮತ್ತೆ ಎತ್ತಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಈಗಲೇ ಹೇಳಲಾಗದು ಎಂದರು.

ಪತ್ರಿಕೆಗೆ ನಾನು ಕಳಿಸಿದ್ದು ನಾಲ್ಕು ಸಾಲು. ನಾಟಕದಲ್ಲಿ ಕೊಡಲಿ ಏಟು, ಯುವಕನಿಗೆ ಗಾಯ. ಆ ಯುವಕ ನನ್ನ ತಮ್ಮ ಎಂಬುದು ಅದರಲ್ಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಿನ್ನೆ ಸಂಜೆ ಯರಗುಪ್ಪಿಯ ಶಾಲೆಯ ಬಯಲಿನಲ್ಲಿ ನಮ್ಮ ಊರ ತರುಣರ ನಾಟಕ. ಸಂಗೀತ ನನ್ನದು. ಎರಡನೆಯ ಅಂಕದ ಕೊನೆಗೆ ಕೊಡಲಿಯ ದೃಶ್ಯ ಬರುತ್ತದೆ. ಈರೇಶ ಜನರ ಕಡೆ ಮುಖ ಮಾಡಿ, ಮೇಲಿನಿಂದ ಇಳಿಬಿಟ್ಟ ಮೈಕಿನ ಕೆಳಗೆ ನಿಂತು, ತಂಗಿಯ ಮದುವೆಯ ಮಾತಾಡುತ್ತಿರುತ್ತಾನೆ. ಅವನ ಗೆಳೆಯ ಬೀರೇಶ ಹಿಂದಿನಿಂದ ಸಪ್ಪಳವಿಲ್ಲದೆ ಬಂದು ಕೊಡಲಿ ಎತ್ತುತ್ತಾನೆ. ಎತ್ತಿ, ಮನಸ್ಸಿನಲ್ಲೇ ಎರಡು ಎಣಿಸಿ, ಬೀಸುತ್ತಾನೆ. ಕೊಡಲಿ ಮೇಲೆ ಹೋದೊಡನೆ ನಾನು ಕೀ ಒತ್ತುತ್ತೇನೆ. ಆ ಸಪ್ಪಳ ಕೇಳಿದ ತಕ್ಷಣ ಈರೇಶ ಕುಕ್ಕರಿಸಬೇಕು. ಕೊಡಲಿ ಅವನ ತಲೆಯ ಮೇಲಿಂದ ಹಾಯ್ದು ಬಾಜುವಿನ ಮರದ ಕಂಬಕ್ಕೆ ಕಚ್ಚುತ್ತದೆ. ಕಟ್ಟಿಗೆಯ ಕೊಡಲಿ ತಂದರೆ ನಮ್ಮ ಕಡೆಯ ಜನ ಸೀಟಿ ಹೊಡೆದು ನಾಟಕ ನಿಲ್ಲಿಸುತ್ತಾರೆ. ಕಬ್ಬಿಣವೇ ಬೇಕು, ಅದು ಕಂಬಕ್ಕೆ ಕಚ್ಚಿದ್ದು ಕಾಣಬೇಕು. ಅಪ್ಪನ ಕಾಲದಲ್ಲಿ ತಬಲಾದ ಪೆಟ್ಟು ಕೇಳಿ ಕೂರುತ್ತಿದ್ದರು. ಈಗ ಕೀಬೋರ್ಡಿನ ಸಪ್ಪಳ ಕೇಳಿ.

ನಿನ್ನೆ ಈರೇಶ ಕೂರಲಿಲ್ಲ.

ಬೀಸಿದ ಕೊಡಲಿ ಕೊನೆಯಲ್ಲಿ ತುಸು ಹೊರಳಿ, ಕುತ್ತಿಗೆಗೆ ಬರಬೇಕಾದದ್ದು ಹೆಗಲಿಗೆ ಬಂತು. ಎಲುಬು ಸೀಳಿದ್ದು ಮೈಕಿನಲ್ಲಿ ಕೇಳಿತು. ಮೊದಲು ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತವರ ಮೇಲೆ ರಕ್ತ ಬಿದ್ದ ಮೇಲೆ ಚಪ್ಪಾಳೆ ನಿಂತಿತು.

ನಮ್ಮ ಕಾಕಾನ ಮಗ ಹೊಳೆಪ್ಪ ಮೊದಲು ರಂಗ ಹತ್ತಿದ. ಬೀರೇಶ ಕೊಡಲಿ ಒಗೆದು ಈರೇಶನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಹೇಳಿ ಹೊಡದಿ ಅಲ್ಲಲೇ ಬೀರ್ಯಾ. ಚಾದಂಗಡ್ಯಾಗ ಎಲ್ಲಾರ ಮುಂದ ಹೇಳೇ ಹೊಡದಿ."

"ಅಂವಾ ಯಾಕ ಕುಂದರ್ಲಿಲ್ಲೋ ಹೊಳೆಪ್ಪಾ. ಮೊದಲ ಇವನ್ನ ಗಾಡ್ಯಾಗ ಹಾಕ್ರಿ, ಆಮ್ಯಾಲ ನನ್ನ ಹೊಡೀರಿ."

ಅವನು ಹೇಳಿದ ಕ್ರಮದಲ್ಲಿ ನಡೆಯಲಿಲ್ಲ. ಪರದೆಯ ಬಿದಿರು ಕಿತ್ತು ಹೊಡೆದರು. ಕೆಳಗೆ ಬಿದ್ದ ಮೇಲೆ ಕಾಲಿನಿಂದ ಒದ್ದರು. ಬೀರೇಶನ ಹಲ್ಲು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಿದ್ದದ್ದು ನಾನು ಕಂಡೆ. ಮೊದಲ ಏಟು ಯಾರದೆಂದು ಕಾಣಲಿಲ್ಲ. ಪೊಲೀಸರು ಬಂದು ಬಿಡಿಸಿ ಅವನನ್ನು ಒಯ್ದರು.

ಚಹಾದಂಗಡಿಯ ಮಾತು ನಿಜ. ಹೋದ ವಾರ ಬೀರೇಶನ ಕುರಿ ನಮ್ಮ ಕಡಲೆ ಹೊಲಕ್ಕೆ ಹೊಕ್ಕಿದ್ದವು. ಈರೇಶ ಬೈದ. ಬೀರೇಶ ನಗುತ್ತ, "ತಡೀಲೇ, ನಾಟಕದಾಗ ಖರೇನ ಹೊಡೀತೀನಿ ನಿನಗ" ಎಂದ. ಅವತ್ತು ಈರೇಶನೂ ನಕ್ಕ. ನಾನೂ ಅಲ್ಲಿದ್ದೆ.

ನಾಳೆ ಬೆಳಿಗ್ಗೆ ಠಾಣೆಯಲ್ಲಿ ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ.

ಜನವರಿ 20, ಸೋಮವಾರ

ಬೀರೇಶನ ಮೇಲೆ ಕೊಲೆ ಯತ್ನದ ಪ್ರಕರಣ ದಾಖಲಾಗಿದೆ. ಠಾಣೆಯ ಎಎಸ್‌ಐ ತಿಳಿಸಿದರು. ಆಧಾರ ಮುಖ್ಯವಾಗಿ ನನ್ನ ಹೇಳಿಕೆ.

ಹೇಳಿಕೆಗೆ ಹೋಗುವ ಮೊದಲು ಯಂತ್ರವನ್ನು ನೋಡಿಕೊಂಡೆ. ನೋಡದೆ ಹೇಳುವವನಲ್ಲ ನಾನು. ಇದು ಹಳೆಯ ಕೀಬೋರ್ಡಲ್ಲ. ದೀಪಾವಳಿಗೆ ಅಳ್ನಾವರದಲ್ಲಿ, ಗೋವಾ ಬ್ಯಾಂಡಿನಲ್ಲಿ ನುಡಿಸಿ ಬಿಟ್ಟವನೊಬ್ಬನಿಂದ ತಂದ ಸಿಂಥಸೈಜರ್. ಇದರಲ್ಲಿ ಸಿದ್ಧ ಸಪ್ಪಳಗಳಿಲ್ಲ, ಗುಂಡಿ ತಿರುಗಿಸಿ ಮಾಡಿಕೊಳ್ಳಬೇಕು. ಪ್ರತಿ ಸಪ್ಪಳಕ್ಕೂ ನಾಲ್ಕು ಹಂತ: ಹುಟ್ಟಿ ಮೇಲೇರುವುದು, ತುಸು ಇಳಿಯುವುದು, ನಿಲ್ಲುವುದು, ಕೀ ಬಿಟ್ಟ ಮೇಲೆ ಆರುವುದು. ನಾಲ್ಕೂ ಸೇರಿ ಎನ್ವೆಲಪ್. ಮೊದಲನೆಯ ಗುಂಡಿಗೆ ಅಟ್ಯಾಕ್ ಎನ್ನುತ್ತಾರೆ. ಅದು ಸೊನ್ನೆಯಲ್ಲಿದ್ದರೆ ಬೆರಳು ತಾಗಿದ ಕ್ಷಣಕ್ಕೆ ಸಪ್ಪಳ ಪೂರ್ತಿ ಏರುತ್ತದೆ. ಮುಂದಕ್ಕೆ ತಿರುಗಿಸಿದರೆ ನಿಧಾನ ಏರುತ್ತದೆ. ಸೊನ್ನೆಯಲ್ಲೇ ಇತ್ತು. ಶನಿವಾರದಿಂದ ಅದನ್ನು ಯಾರೂ ಮುಟ್ಟಿಲ್ಲ.

ಎಎಸ್‌ಐ ಕೇಳಿದರು: "ನಿಮ್ಮ ಸಪ್ಪಳ ವ್ಯಾಳ್ಯಾಕ್ಕ ಬಂತೇನ್ರಿ ಸಿದ್ಧಾರೂಢ?"

"ಬಂತ್ರಿ. ಅಟ್ಯಾಕ್ ಸೊನ್ನಿ ಮ್ಯಾಲ ಐತಿ. ನೋಡೇ ಬಂದೀನಿ."

"ನೀವು ಕೇಳಿದ್ರಿ?"

"ಸೀಟಿ ನಡುವ ಕೇಳೇನ್ರಿ."

ಹಾಗಾದರೆ ಈರೇಶ ಕೂರುವ ಮೊದಲೇ ಏಟು ಬಿದ್ದಿದೆ, ಬೀಸಿದವನು ಎರಡು ಎಣಿಸಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಲೆಕ್ಕ. ಬರೆದುಕೊಂಡರು, ಸಹಿ ಮಾಡಿದೆ.

ಆ ಸಪ್ಪಳದ ಬಗ್ಗೆ ಇನ್ನೊಂದು ಮಾತು ಇಲ್ಲಿರಲಿ, ಪ್ರಕರಣಕ್ಕೆ ಸಂಬಂಧವಿಲ್ಲ. ಹಳೆಯ ಕೀಬೋರ್ಡಿನ ಠಣ್‌ಗೆ ಜೀವವಿರಲಿಲ್ಲ. ಹೊಸದರಲ್ಲಿ ಎಲ್‌ಎಫ್‌ಓ ಎಂಬ ಇನ್ನೊಂದು ಗುಂಡಿ ಇದೆ. ಅದು ಕಿವಿಗೆ ಕೇಳದಷ್ಟು ನಿಧಾನದ ಅಲೆ. ತಾನು ಸಪ್ಪಳ ಮಾಡುವುದಿಲ್ಲ, ಇದ್ದ ಸಪ್ಪಳವನ್ನು ಎತ್ತಿ ಇಳಿಸುತ್ತದೆ. ಯಂತ್ರ ಚಾಲೂ ಆದಾಗಿನಿಂದ ಗಾಣದ ಎತ್ತಿನ ಹಾಗೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ, ನಾನು ಕೀ ಒತ್ತಲಿ ಬಿಡಲಿ. ಅದನ್ನು ಅಗದಿ ನಿಧಾನ ಮಾಡಿ, ಅದರ ಎಳೆತವನ್ನು ಪೂರ್ತಿ ಕೊಟ್ಟರೆ ಕಬ್ಬಿಣ ಉಸಿರಾಡಿದಂತೆ ಏರಿಳಿಯುತ್ತದೆ. ಶುಕ್ರವಾರದ ತಾಲೀಮಿನಲ್ಲಿ ಮೊದಲ ಸಲ ಒತ್ತಿದಾಗ ಬೀರೇಶನೇ "ಎದಿ ಝಲ್ ಅಂತು ಸಿದ್ದಣ್ಣಾ" ಎಂದಿದ್ದ. ಮತ್ತೆ ಮತ್ತೆ ಒತ್ತಿ ನೋಡಿದೆವು, ಸರಿ ಬಂತು. ಒಂದು ಸಲ ತಡವಾಯಿತು. ನನ್ನ ಬೆರಳು ತಡವಾಗಿರಬೇಕು.

ಬುಧವಾರ ಈರೇಶನಿಗೆ ಎರಡನೆಯ ಶಸ್ತ್ರಚಿಕಿತ್ಸೆ.

ಜನವರಿ 21, ಮಂಗಳವಾರ

ಬೀರೇಶನ ಮನೆಯ ಕುರಿ ಹಟ್ಟಿ ಸುಟ್ಟಿದೆ. ಕುರಿಗಳು ಒಳಗಿದ್ದವು. ಹೇಳಿದವನು ಹೊಳೆಪ್ಪ. ಅವನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಅವನ ಅಂಗಿಯಿಂದ ಡೀಸೆಲ್ ವಾಸನೆ ಬರುತ್ತಿತ್ತು.

"ಹೊರಗ ಬಂದಿದ್ದ ಒಂದ ಟಗರನ್ನ ಮತ್ತ ಒಳಗ ಹೊಡದ್ವಿ," ಎಂದ, ಅವ್ವ ಕೊಟ್ಟ ಚಹಾ ಊದಿಕೊಳ್ಳುತ್ತ. ಆಮೇಲೆ, "ಹೊಡದ್ರಂತ," ಎಂದು ತಿದ್ದಿದ.

ಮಧ್ಯಾಹ್ನ ಹೋಗಿ ನೋಡಿದೆ. ಬಾಗಿಲ ಹತ್ತಿರ ಒಂದರ ಮೇಲೊಂದು ಬಿದ್ದಿದ್ದವು, ಉಣ್ಣೆ ಸುಟ್ಟು ಚರ್ಮಕ್ಕೆ ಅಂಟಿತ್ತು. ಬೀರೇಶನ ಅಪ್ಪ ಕರಿಸಿದ್ದಪ್ಪ ಬರಿಗೈಯಲ್ಲಿ ಒಂದೊಂದನ್ನೇ ಎಳೆದು ಸಾಲಾಗಿ ಇಡುತ್ತಿದ್ದ. ನನ್ನನ್ನು ನೋಡಿ ಮುಂದಿನದನ್ನು ಎಳೆದ. ಪತ್ರಿಕೆಗೆ ಕಳಿಸಲಿಲ್ಲ. ಯಾರ ಹೇಳಿಕೆಯೂ ಸಿಕ್ಕಿರಲಿಲ್ಲ.

ಜನವರಿ 22, ಬುಧವಾರ

ಅವ್ವನ ಹಣೆ ಒಡೆದಿದೆ. ಕಲ್ಲು ಅಟ್ಟದ ಕಿಟಕಿಯಿಂದ ಬಂತು ಎಂದು ಬಾಜು ಮನೆಯ ಹಲೀಮಾಬಿ ಹೇಳಿದಳು. ಅವಳೇ ತನ್ನ ಸೆರಗು ಹರಿದು ಕಟ್ಟಿದವಳು. ಅಂಗಳದಲ್ಲಿದ್ದ ನನ್ನ ಬೈಕು ಸುಟ್ಟಿದ್ದಾರೆ. ಬೀರೇಶನ ಮನೆಯಿರುವ ಕುರಿಯವರ ಓಣಿಯ ತರುಣರು. ಮುಖ ಕಂಡಿಲ್ಲ, ದನಿ ಗುರುತು ಸಿಕ್ಕಿದೆ.

ಅವ್ವ ಹಣೆ ಒತ್ತಿ ಹಿಡಿದು, "ನಂದ ಇರಲಿ," ಎಂದಳು. "ಕರಿಸಿದ್ದಪ್ಪನ ಕುರಿ ಸುಟ್ಟಾವ ಅಂತಲ್ಲ. ಈರ್ಯಾಗ ಮೈಲಿ ಎದ್ದಾಗ ದಿನಾ ಆಡಿನ ಹಾಲ ತಂದ ಕೊಟ್ಟಾಂವ ಅಂವಾ."

ಹೊಳೆಪ್ಪ, "ದೊಡ್ಡವ್ವಾ, ನೀ ಸುಮ್ಮನಿರ," ಎಂದ.

ಇವತ್ತಿನಿಂದ ಬಾಗಿಲ ಹಿಂದೆ ಒಂದು ಬಡಿಗೆ ಇಟ್ಟುಕೊಂಡಿದ್ದೇನೆ. ಜಾಲಿಯದು. ಹೊಳೆಪ್ಪ ಕೊಟ್ಟ.

ಜನವರಿ 24, ಶುಕ್ರವಾರ

ಈರೇಶನಿಗೆ ಜ್ವರ ಏರಿದೆ, ಗಾಯ ಕೀವಾಗಿದೆ, ಗುರುತು ಹಿಡಿಯುತ್ತಿಲ್ಲ. ಅವನ ಹೆಂಡತಿ ಸೌಂದರ್ಯಾ ಫೋನಿನಲ್ಲಿ ತಿಳಿಸಿದಳು.

ಅವಳು ನಾಟಕವನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಆ ತುಣುಕು ಈಗ ಊರಿಗೆಲ್ಲ ಹರಡಿದೆ. ಕಟ್ಟೆಯ ಮೇಲೆ ಕೂತವರು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಕೊಡಲಿ ಕೊನೆಯಲ್ಲಿ ಹೊರಳಿದ್ದು ಅದರಲ್ಲಿ ಸ್ಪಷ್ಟವಿದೆ. ಗುರಿ ಇಟ್ಟು ಹೊಡೆದಿದ್ದಾನೆ ಎಂದು ಹೊಳೆಪ್ಪ ಎಲ್ಲರಿಗೂ ತೋರಿಸುತ್ತಾನೆ. ನನ್ನ ಸಪ್ಪಳ ಅದರಲ್ಲಿ ಏಟಿನ ನಂತರ ಕೇಳುತ್ತದೆ. ಅದಕ್ಕೆ ಕಾರಣವಿದೆ: ಸಪ್ಪಳ ತಗ್ಗು ಸ್ವರದ್ದು, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ತಗ್ಗು ಸ್ವರದ ಶುರು ಬರುವುದಿಲ್ಲ. ಕೇಳಿದವರಿಗೆ ಹಾಗೆಂದು ವಿವರಿಸಿದೆ. ಒಪ್ಪಿದರು.

ಬಡಿಗೆಯ ತುದಿಗೆ ತಂತಿ ಸುತ್ತಿದೆ. ಹಿಡಿತಕ್ಕೆ ಒಳ್ಳೆಯದು.

ಜನವರಿ 26, ರವಿವಾರ

ಕರಿಸಿದ್ದಪ್ಪನ ಎಡ ಮುಂಗೈ ಮುರಿದಿದೆ. ನೋಡಿದವರು ಬಹಳ. ಹೊಡೆದದ್ದು ನಾನು.

ಶಾಲೆಯಲ್ಲಿ ಧ್ವಜ ಏರಿಸಿ, ಹಾಡು ಮುಗಿದು, ಮಕ್ಕಳಿಗೆ ಸಿಹಿ ಹಂಚುತ್ತಿದ್ದರು. ಸುದ್ದಿಗಾಗಿ ಹೋಗಿದ್ದೆ. ಬಡಿಗೆ ಕೈಯಲ್ಲಿತ್ತು, ಈಚೆಗೆ ಇರುತ್ತದೆ. ರಂಗ ಕಟ್ಟಿದ್ದ ತಗ್ಗುಗಳು ಇನ್ನೂ ಮುಚ್ಚಿಲ್ಲ. ಕರಿಸಿದ್ದಪ್ಪ ಆ ತಗ್ಗು ದಾಟಿ ನನ್ನ ಹತ್ತಿರ ಬಂದ.

"ತಮ್ಮಾ, ನೀ ಪೇಪರಿನಾಂವ ಅದಿ. ನನ್ನ ಕುರಿ ಸುಟ್ಟಿದ್ದು ಪೇಪರಿನ್ಯಾಗ ಯಾಕ ಬರ್ಲಿಲ್ಲ?"

"ಸಾಕ್ಷಿ ಇಲ್ಲ ಕಾಕಾ."

"ನನ್ನ ಮಗ ಬೇಕಂತ ಹೊಡದಾನ ಅನ್ನಾಕ ಎಲ್ಲಿ ಸಾಕ್ಷಿ ಇತ್ತು? ನಿನ್ನ ಪೇಟಿ ಹೇಳ್ತೇನು?"

ಯಾರೋ ನಕ್ಕರು. ಅವನು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದ. ಬಿಡು ಎಂದೆ. ಬಿಡಲಿಲ್ಲ. ಅಥವಾ ಬಿಡುವಷ್ಟು ಹೊತ್ತು ಕೊಡಲಿಲ್ಲ, ಎರಡರಲ್ಲಿ ಒಂದು. ತೀರ್ಮಾನಕ್ಕೂ ಏಟಿಗೂ ನಡುವೆ ಹೊತ್ತೇ ಇರಲಿಲ್ಲ. ಸೊನ್ನೆ. ಎಲುಬು ಮುರಿದದ್ದು ಹಸಿ ಕಬ್ಬು ಮುರಿದ ಹಾಗೆ ಕೇಳಿತು. ಮುದುಕ ಕೂಗಲಿಲ್ಲ. ಕೂತ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡಿದ.

ಹೊಳೆಪ್ಪ ನನ್ನ ಬೆನ್ನು ತಟ್ಟಿ, "ಈಗ ನಮ್ಮಾಂವ ಆದಿ ನೋಡ," ಎಂದ.

ಬೇರೆ ವಿಶೇಷವಿಲ್ಲ. ಗಣರಾಜ್ಯೋತ್ಸವದ ಸುದ್ದಿ ಕಳಿಸಿದೆ. ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದೆ.

ಜನವರಿ 28, ಮಂಗಳವಾರ

ಬೀರೇಶನನ್ನು ಜೈಲಿಗೆ ಕಳಿಸಿದ್ದಾರೆ. ಜಾಮೀನು ಅರ್ಜಿ ಮುಂದಿನ ವಾರ. ತಿಳಿಸಿದವಳು ಅವನ ಹೆಂಡತಿ ಸುವರ್ಣಾ. ನಮ್ಮ ಮನೆಗೇ ಬಂದಿದ್ದಳು.

ಹೊಸ್ತಿಲ ಹೊರಗೆ ನಿಂತೇ ಮಾತಾಡಿದಳು. "ಸಿದ್ದಣ್ಣಾ, ನನ್ನ ಗಂಡ ಮನ್ಯಾಗ ಕೋಳಿ ಕೊಯ್ಯೂ ಮುಂದ ಕಣ್ಣ ಮುಚ್ಚತಾನ. ಆ ಪಾತ್ರ ಬ್ಯಾಡ ಅಂದಿದ್ದ. ಮಾಡ ಅಂತ ನೀನ ಹಟಾ ಹಿಡದಿ."

"ನೋಡಾಕ ಗಟ್ಟಿ ಅದಾನಂತ ಕೊಟ್ಟೆ."

"ಹೌದ. ಈಗ ಹಲ್ಲಿಲ್ಲ, ಇನ್ನೂ ಗಟ್ಟಿ ಕಾಣತಾನ. ಜೈಲಿನ್ಯಾಗಿಂದ ಒಂದ ಮಾತ ಹೇಳಿ ಕಳಸ್ಯಾನ. ಕೊಡ್ಲಿ ಎತ್ತಿ ಎರಡ ಎಣಿಸೇನಿ. ಸಪ್ಪಳ ಬರ್ಲಿಲ್ಲ ಅಂತ ತಿಳಿಯೂದ್ರಾಗ ಅದು ಕೆಳಗ ಬಂದಿತ್ತು. ಕೈ ತಿರುವೇನಿ, ಅದಕ್ಕ ಕುತಗಿ ಉಳೀತು."

"ಸಪ್ಪಳ ಬಂದೈತಿ. ಅಟ್ಯಾಕ್ ಸೊನ್ನ್ಯಾಗಿತ್ತು."

"ಅದೇನ ಸೊನ್ನಿನೋ ನನಗ ತಿಳೀದು. ನನ್ನ ಮಾವನ ಕೈ ಮುರಿಯೂ ಮುಂದೂ ಸೊನ್ನ್ಯಾಗಿತ್ತೇನು?"

ಒಳಗಿನಿಂದ ಹೊಳೆಪ್ಪ ಬಂದು ಅವಳ ಕೂದಲು ಹಿಡಿದು ಅಂಗಳಕ್ಕೆ ದೂಡಿದ. ತುಳಸಿ ಕಟ್ಟೆಗೆ ಬಡಿದು ಅವಳ ಹಲ್ಲು ಮುರಿಯಿತು. ಬಾಯಿ ಒರೆಸಿಕೊಂಡು ಎದ್ದು, "ಜೋಡಿ ಆತು ಬಿಡ," ಎಂದು ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯಬೇಕೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಜನವರಿ 30, ಗುರುವಾರ

ಜ್ವರ ಇಳಿದಿದೆ ಎಂದು ಸೌಂದರ್ಯಾ. ಬಲಗೈ ಬೆರಳು ಅಲುಗುತ್ತಿಲ್ಲ.

ಕುರಿಯವರ ಓಣಿಯ ಇಬ್ಬರನ್ನು ಕೆರೆ ದಂಡೆಯಲ್ಲಿ ಹೊಡೆದೆವು.

ಫೆಬ್ರುವರಿ 1, ಶನಿವಾರ

ಈರೇಶ ಮಾತಾಡಿದ. ನಾನೇ ಎದುರಿಗಿದ್ದೆ.

ಮುಖ ಅರ್ಧ ಆಗಿದೆ. ಹೆಗಲಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ. ನನ್ನನ್ನು ಬಹಳ ಹೊತ್ತು ನೋಡಿ ಕೇಳಿದ ಮೊದಲ ಮಾತು: "ಅಣ್ಣಾ, ಬೀರ್ಯಾ ಎಲ್ಲದಾನ? ಒಂದ ಸಲನೂ ನೋಡಾಕ ಬರ್ಲಿಲ್ಲಲ್ಲ ಅಂವಾ."

ಜೈಲಿನಲ್ಲಿದ್ದಾನೆ ಎಂದೆ.

"ಯಾಕ?"

"ನಿನ್ನ ಹೊಡದದ್ದಕ್ಕ."

ಅವನು ನಗಲು ಹೋದ, ನೋವಾಗಿ ನಿಲ್ಲಿಸಿದ. "ಅಂವಾ ಎಲ್ಲಿ ಹೊಡದಾನೋ. ನಾ ಕುಂದರ್ಲಿಲ್ಲ. ಹಿಂದ ಬಂದಾನಂತ ಗೊತ್ತಿತ್ತು, ಜನಾ ಒದರಾಕತ್ತಿದ್ರಲ್ಲ. ಸಪ್ಪಳ ಬರ್ಲಿ ಅಂತ ನಿಂತಿದ್ದೆ. ಮಾತ ಮುಗದು ಹೋತು, ತಂಗಿ ಲಗ್ನದ್ದು ಇನ್ನೊಂದ ಮಾತ ಕೈಯಿಂದ ಸೇರಿಸಿದೆ. ಸಪ್ಪಳಾನ ಬರ್ಲಿಲ್ಲ. ನೀ ಒತ್ತಿದ್ದಿಲ್ಲೇನ?"

"ಒತ್ತೇನಿ."

"ಹಂಗಾರ ಪೇಟಿ ಕೆಟ್ಟಿರಬೇಕು," ಎಂದು ಕಣ್ಣು ಮುಚ್ಚಿದ. ಅವನಿಗೆ ಅದು ಅಷ್ಟೇ ಮಾತು.

ಸೌಂದರ್ಯಾಳಿಂದ ಆ ವಿಡಿಯೊ ನನ್ನ ಮೊಬೈಲಿಗೆ ತೆಗೆದುಕೊಂಡೆ. "ಮತ್ತ ಯಾಕ ಭಾವಾರ, ಎಷ್ಟ ಸಲ ನೋಡತೀರಿ," ಎಂದಳು. ನೋಡಲಿಕ್ಕಲ್ಲ, ಕೇಳಲಿಕ್ಕೆ ಎಂದೆ.

ಫೆಬ್ರುವರಿ 2, ರವಿವಾರ

ಸಪ್ಪಳ ಏಟಿನ ನಂತರವೇ ಬಂದಿದೆ.

ಬೆಳಿಗ್ಗೆ ಮೊಬೈಲನ್ನು ನಾಟಕದ ದೊಡ್ಡ ಸ್ಪೀಕರಿಗೆ ಜೋಡಿಸಿದೆ. ತಗ್ಗು ಸ್ವರ ಅದರಲ್ಲಿ ಬರುತ್ತದೆ, ನೆಲ ಅದುರುವಷ್ಟು. ಜನರ ಕೂಗು ಬಂತು. ಈರೇಶ ತಾನೇ ಸೇರಿಸಿದ ಆ ಇನ್ನೊಂದು ಮಾತೂ ಬಂತು. ವಿಡಿಯೊದ ಮೂಲೆಯಲ್ಲಿ ನಾನು ಕಾಣುತ್ತೇನೆ, ನನ್ನ ಕೈ ಕೆಳಗೆ ಹೋದದ್ದು ಕಾಣುತ್ತದೆ. ಆಮೇಲೆ ಏನೂ ಇಲ್ಲ. ಬರೀ ಸೀಟಿ. ಕೊಡಲಿ ಬಂತು, ಹೊರಳಿತು, ಬಿತ್ತು. ಅದರ ಮೇಲೆ ನನ್ನ ಸಪ್ಪಳ ನೀರು ತುಂಬಿದ ಹಾಗೆ ಏರಿ ಬಂತು. ಅವತ್ತು ನಾನು ಕೇಳಿದ್ದು ಅದನ್ನೇ.

ಯಂತ್ರ ಚಾಲೂ ಮಾಡಿದೆ. ಅಟ್ಯಾಕ್ ಮತ್ತೆ ನೋಡಿದೆ, ಸೊನ್ನೆ. ಕೀ ಒತ್ತಿದೆ, ತಕ್ಷಣ ಬಂತು. ಮತ್ತೆ ಒತ್ತಿದೆ, ತಕ್ಷಣ ಬಂತು. ಮತ್ತೆ ಒತ್ತಿದೆ. ಬರಲಿಲ್ಲ. ಕೀ ಒತ್ತಿಯೇ ಇದ್ದೆ, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ ಎಲ್ಲಿಂದಲೋ ಏರಿತು.

ಯಂತ್ರ ಕೆಟ್ಟಿಲ್ಲ. ಎಲ್‌ಎಫ್‌ಓ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಅದು ಮೇಲಿದ್ದಾಗ ಒತ್ತಿದರೆ ಸಪ್ಪಳ ಒಮ್ಮೆಲೆ ಬರುತ್ತದೆ. ಕೆಳಗಿದ್ದಾಗ ಒತ್ತಿದರೆ ಅದು ಮತ್ತೆ ಮೇಲೆ ಬರುವವರೆಗೆ ಸಪ್ಪಳವಿಲ್ಲ, ಯಾಕೆಂದರೆ ಎಳೆತ ಪೂರ್ತಿ ಕೊಟ್ಟವನು ನಾನು. ಕೀ ಒತ್ತಿದಾಗಲೆಲ್ಲ ಆ ಅಲೆ ಮೊದಲಿನಿಂದ ಶುರುವಾಗುವಂತೆ ಮಾಡಲು ಬಾಜುವಿಗೇ ಒಂದು ಸಣ್ಣ ಸ್ವಿಚ್ಚಿದೆ. ಅದನ್ನು ಹಾಕಿರಲಿಲ್ಲ. ಅಳ್ನಾವರದವನು ಅದನ್ನು ತೋರಿಸಿ ಹೇಳಿದ್ದ. ಎತ್ತು ತನ್ನ ಪಾಡಿಗೆ ತಿರುಗುವುದೇ ಚಂದ ಅನ್ನಿಸಿತ್ತು.

ನಾನು ಎನ್ವೆಲಪ್ ನೋಡಿ ಹೇಳಿಕೆ ಕೊಟ್ಟೆ. ನೋಡಬೇಕಾದ ಗುಂಡಿ ಅದರ ಪಕ್ಕದ್ದು.

ಮಧ್ಯಾಹ್ನದವರೆಗೆ ಒತ್ತುತ್ತಲೇ ಇದ್ದೆ. ಅವ್ವ ಬಂದು, "ಒಂದೊಂದ ಸಲಾ ಸತ್ತಂಗ ಆಗತೈತಲ್ಲೋ ಅದು," ಎಂದಳು. ಅವಳಿಗೆ ಎಲ್ಲ ಹೇಳಿದೆ. ಹಣೆಯ ಪಟ್ಟಿ ಸರಿ ಮಾಡಿಕೊಂಡು ಕೇಳಿದಳು: "ಹಂಗಾರ ಕರಿಸಿದ್ದಪ್ಪನ ಕೈ?"

ಯಂತ್ರ ಬಂದ್ ಮಾಡಿದೆ.

ಫೆಬ್ರುವರಿ 3, ಸೋಮವಾರ

ಹೊಳೆಪ್ಪನ ಮೂಗು ಒಡೆದಿದೆ, ಬಲ ಮೊಣಕಾಲು ಸರಿದಿದೆ. ಹೊಡೆದದ್ದು ನಾನು.

ಹೇಳಿಕೆ ಬದಲಿಸುತ್ತೇನೆ ಎಂದು ಬೆಳಿಗ್ಗೆ ಅವನಿಗೆ ನಾನೇ ತಿಳಿಸಿದೆ. ಮೊದಲು ನಂಬಲಿಲ್ಲ. ಯಂತ್ರ ಒತ್ತಿ ತೋರಿಸಿದೆ. ನಂಬಿದ ಮೇಲೆ ಬಾಗಿಲು ಹಾಕಿದ.

"ಯಾರ್ಯಾರಿಗೆ ಹೇಳೀದಿ?"

"ಅವ್ವಗ."

"ಅಷ್ಟ ಸಾಕು. ಹಟ್ಟಿ ಸುಟ್ಟಾವ್ರ ಯಾರಂತ ಕೇಳ್ತಾರ ಆಮ್ಯಾಲ. ಕೆರಿ ದಂಡಿ ಮ್ಯಾಲಿಂದು ಕೇಳ್ತಾರ. ನೀ ಒಬ್ಬಾವ ಹೋಗೂದಿಲ್ಲಲೇ, ನಮ್ಮನ್ನೆಲ್ಲಾ ಎಳಕೊಂಡ ಹೋಗತಿ."

"ಬೀರ್ಯಾ ಒಳಗದಾನ."

"ಇರ್ಲಿ. ಅವರದೂ ಒಬ್ಬಾಂವ ಇರ್ಲಿ ಒಳಗ."

ಅವನು ನೇಗಿಲಿನ ಕಬ್ಬಿಣದ ಕುಳ ಎತ್ತಿಕೊಂಡು ಯಂತ್ರದ ಕಡೆ ಹೋದ. ಒಂದು ಏಟಿಗೆ ಹಳೆಯ ಕೀಬೋರ್ಡು ಎರಡಾಯಿತು. ಅದು ಮೇಲಿತ್ತು, ಅಡ್ಡ ಸಿಕ್ಕಿತು. ಎರಡನೆಯದಕ್ಕೆ ಎತ್ತಿದಾಗ ನಾನು ಮೈಕಿನ ಸ್ಟ್ಯಾಂಡಿನಿಂದ ಅವನ ಮೊಣಕಾಲಿಗೆ ಹೊಡೆದೆ. ಕುಳ ಬಿತ್ತು. ತಿರುಗಿದಾಗ ಮುಖಕ್ಕೆ ಹೊಡೆದೆ. ಅವನು ಬಿದ್ದ. ಅಲ್ಲಿಗೆ ಮುಗಿದಿತ್ತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದರೂ ಹೊಡೆಯುತ್ತಿದ್ದೆ. ಕೀ ಬಿಟ್ಟ ಮೇಲೂ ಸಪ್ಪಳ ಆರಲು ಇಷ್ಟು ಹೊತ್ತು ಬೇಕೆಂದು ಆ ನಾಲ್ಕನೆಯ ಗುಂಡಿಯಲ್ಲಿ ಇಟ್ಟಿರುತ್ತೇವೆ. ನನ್ನದು ಬಹಳ ಮುಂದಿದೆ ಎಂದು ಆಗ ಕಂಡಿತು.

"ಸಿದ್ಧಾ, ಬಿಡೋ, ಅಂವಾ ಬಿದ್ದಾನ," ಎಂದು ಅವ್ವ ಬಾಗಿಲು ನೂಕಿ ಬಂದಳು. ನಾನು ಅವಳ ಕಡೆ ತಿರುಗಿದೆ. ಅವಳು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಸರಿದಳು.

ನಾನು ಅವಳಿಗೆ ಏನೂ ಮಾಡಿರಲಿಲ್ಲ. ಯಾಕೆ ಹಾಗೆ ಸರಿದಳೋ ತಿಳಿಯಲಿಲ್ಲ.

ಹೊಳೆಪ್ಪನನ್ನು ಹಲೀಮಾಬಿಯ ಮಗ ಆಟೋದಲ್ಲಿ ಕುಂದಗೋಳಕ್ಕೆ ಒಯ್ದ. ನೆಲ ನಾನೇ ತೊಳೆದೆ. ಜಾಲಿ ಬಡಿಗೆಯನ್ನು ಅವ್ವ ಒಲೆಗೆ ಹಾಕಿದಳು. ಸುತ್ತಿದ್ದ ತಂತಿ ಮಾತ್ರ ಸುಡದೆ ಉಳಿದಿದೆ.

ಫೆಬ್ರುವರಿ 4, ಮಂಗಳವಾರ

ಎರಡನೆಯ ಹೇಳಿಕೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಎಎಸ್‌ಐ ಫೋನಿನಲ್ಲಿ ತಿಳಿಸಿದರು.

"ಮೊದಲಿಂದು ತಪ್ಪು ಅಂತ ಬರದು ಕೊಡತೀರೇನು?"

"ಕೊಡತೀನ್ರಿ."

"ಮುದುಕನ ಕೈದೂ ಬರೀತೀರಿ?"

"ಬರೀತೀನ್ರಿ. ಕೆರಿ ದಂಡಿದೂ. ನಿನ್ನೆ ಮನ್ಯಾಗ ಆಗಿದ್ದೂ."

"ಹಂಗಾರ ನಿಮಗ ಮನಿಗೆ ಹೋಗೂದ ಆಗೂದಿಲ್ಲ ನೋಡ್ರಿ. ಒಂದಿಷ್ಟ ಬಟ್ಟಿ ತೊಗೊಂಡ ಬರ್ರಿ."

ಯಂತ್ರವನ್ನೂ ತರಲು ಹೇಳಿದ್ದಾರೆ. ಪಂಚರ ಮುಂದೆ ಒತ್ತಿ ತೋರಿಸಬೇಕು. ಆದರೆ ಕೀ ನಾನು ಒತ್ತುವ ಹಾಗಿಲ್ಲ, ಬೇಕೆಂದು ತಡ ಮಾಡಿದ ಎಂದಾಗಬಾರದು. ಬೇರೆ ಯಾರಾದರೂ ಒತ್ತಬೇಕು. ನಮ್ಮ ಓಣಿಯಲ್ಲಿ ಯಾರೂ ಮುಂದೆ ಬರಲಿಲ್ಲ. ನಿನ್ನೆಯಿಂದ ನಮ್ಮ ಮನೆಯ ಮುಂದೆ ಯಾರೂ ಹಾಯುವುದೂ ಇಲ್ಲ.

ಸಂಜೆಯಾಗುವ ಮೊದಲು ಕುರಿಯವರ ಓಣಿಗೆ ಹೋದೆ. ಒಬ್ಬನೇ, ಕೈಯಲ್ಲಿ ಏನೂ ಇರಲಿಲ್ಲ. ಮೂವರು ತರುಣರು ಎದ್ದು ಬಂದರು. ಮೊದಲ ಏಟು ಕಿವಿಗೆ ಬಿತ್ತು, ಉಳಿದವು ಪಕ್ಕೆಗೆ. ಕೆಳಗೆ ಬಿದ್ದ ಮೇಲೆ ಹೊಡೆದದ್ದು ಯಾರೆಂದು ಕಾಣಲಿಲ್ಲ. ಕಂಡಿದ್ದರೂ ಬರೆಯುವುದಿಲ್ಲ. ಬಿಡಿಸಿದವಳು ಸುವರ್ಣಾ.

"ಬಿಡ್ರಲೇ. ಇಂವಾ ಸತ್ರ ನನ್ನ ಗಂಡನ್ನ ಯಾರ ಹೊರಗ ತರತಾರ," ಎಂದಳು. ಅವಳ ಮೇಲಿನ ತುಟಿ ಇನ್ನೂ ಬಾತಿದೆ.

ಕರಿಸಿದ್ದಪ್ಪ ಸುಟ್ಟ ಹಟ್ಟಿಯ ಕಲ್ಲಿನ ಮೇಲೆ ಕೂತಿದ್ದ, ಎಡಗೈ ಪಟ್ಟಿಯಲ್ಲಿ ಕಟ್ಟಿ ಕೊರಳಿಗೆ ಹಾಕಿದ್ದರು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ: ಅಲೆ, ಅದು ತನ್ನ ಪಾಡಿಗೆ ತಿರುಗುವುದು, ಕೆಳಗಿದ್ದಾಗ ಒತ್ತಿದರೆ ಬಾರದಿರುವುದು. ಅವನಿಗೆ ತಿಳಿಯುವಂತೆ ಹೇಳಲು ಎರಡು ಸಲ ಹೇಳಬೇಕಾಯಿತು. ನನ್ನ ಬಾಯಿಯಿಂದ ರಕ್ತ ಬರುತ್ತಿತ್ತು, ಮಾತು ಸ್ಪಷ್ಟವಿರಲಿಲ್ಲ.

ಎಲ್ಲ ಕೇಳಿ, "ಅಂದ್ರ ಅದು ಯಾವಾಗ ಬರತೈತಿ, ಯಾವಾಗ ಬರೂದಿಲ್ಲ, ನಿನಗೂ ಗೊತ್ತಿಲ್ಲ," ಎಂದ.

"ಇಲ್ಲ ಕಾಕಾ."

"ಗೊತ್ತಿಲ್ಲದ್ದರ ಮ್ಯಾಲ ಇಬ್ಬರ ಹುಡುಗರನ್ನ ನಿಲ್ಲಿಸಿದಿ."

"ಹೌದು."

ಆಮೇಲೆ, ಒತ್ತಲು ಎಷ್ಟು ಬಲ ಬೇಕು ಎಂದು ಕೇಳಿದ. ಒಂದು ಬೆರಳು ಸಾಕು ಎಂದೆ.

"ಹಂಗಾರ ನಾ ಒತ್ತತೀನಿ," ಎಂದ.

ಯಂತ್ರದ ಗುಂಡಿಗಳು ಜನವರಿ ಹದಿನೆಂಟರಂದು ಇದ್ದ ಹಾಗೆಯೇ ಇವೆ. ಅವುಗಳ ಮೇಲೆ ಟೇಪು ಹಚ್ಚಿದ್ದೇನೆ. ಬಸವಣ್ಣೆಪ್ಪನ ಗೂಡ್ಸ್ ಗಾಡಿ ನಾಳೆ ಒಂಬತ್ತಕ್ಕೆ ಬರುತ್ತದೆ. ಯಂತ್ರ, ಸ್ಪೀಕರು, ಕರಿಸಿದ್ದಪ್ಪ, ನಾನು. ಹನ್ನೊಂದಕ್ಕೆ ಠಾಣೆಯಲ್ಲಿ ಕೀ ಒತ್ತುವುದು.